ಒಂದೇ ಭಾಷೆ ಗೊತ್ತಿರುವ ಮಗು ಕಾಸರಗೋಡಿನಲ್ಲಿ ಸಿಗುತ್ತದಾ? ಎಂ.ಎಡ್. ಸಂಶೋಧನೆಗೆ ಸಲಹೆ ಬೇಕು

ಪೈವಳಿಕೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಒಂದು ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಟೀಚರ್. ಜೊತೆಗೆ ಎಂ.ಎಡ್. ಮಾಡುತ್ತಿದ್ದೇನೆ. ಡೆಸರ್ಟೇಶನ್‌ಗೆ ಆರಿಸಿಕೊಂಡ ವಿಷಯ ಇದು: ಹೆಚ್ಚು ಭಾಷೆ ಗೊತ್ತಿರುವ ಮಕ್ಕಳ ಬುದ್ಧಿ ಹೆಚ್ಚು ಚುರುಕು. ನಮ್ಮ ಮಕ್ಕಳನ್ನೇ ನೋಡಿ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇದನ್ನು ಸಾಬೀತು ಮಾಡಿದರೆ ಇಲ್ಲಿನ ಕನ್ನಡ ಶಾಲೆಗಳಿಗೂ ಒಂದು ಬಲ ಅಂತ ಆಸೆ.

ನನ್ನ ಪ್ಲಾನ್: ನಮ್ಮ ಶಾಲೆಯ 30 ಮಕ್ಕಳು. ಒಂದು ಭಾಷೆಯವರು, ಹಲವು ಭಾಷೆಯವರು ಅಂತ ಎರಡು ಗುಂಪು. ಓಣಂ ಪರೀಕ್ಷೆಯ (ಮೊದಲ ಟರ್ಮಿನ ಪರೀಕ್ಷೆ) ಮಾರ್ಕು ಹೋಲಿಸುವುದು. ಗೈಡ್ ನೋಡಿ, "ಮೆಥಡಾಲಜಿ ಸರಿ ಮಾಡಿಕೊಂಡು ಬನ್ನಿ" ಅಂತ ವಾಪಸ್ ಕೊಟ್ಟರು. ಹೈಪಾಥಿಸಿಸ್, ವೇರಿಯಬಲ್, ಕಂಟ್ರೋಲ್ ಗ್ರೂಪ್ ಎಲ್ಲ ಪುಸ್ತಕದಲ್ಲಿ ಓದಿದರೆ ಅರ್ಥವಾಗುತ್ತದೆ. ನನ್ನ ವಿಷಯಕ್ಕೆ ಹೊಂದಿಸಲು ಕೂತರೆ ತಲೆ ಓಡುವುದಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಉಪ್ಪಳ ಎಕ್ಸ್‌ಪ್ರೆಸ್

ಒಂದೇ ಭಾಷೆಯ ಮಕ್ಕಳನ್ನು ಎಲ್ಲಿಂದ ತರುತ್ತೀರಿ ಟೀಚರ್? ನನ್ನ ಅಣ್ಣನ ಮಗಳು ಈಗಷ್ಟೇ ಒಂದನೇ ಕ್ಲಾಸು. ಬ್ಯಾರಿ, ಮಲಯಾಳ, ಕನ್ನಡ ಮೂರೂ ಬರುತ್ತದೆ. ಐಸ್‌ಕ್ರೀಮ್ ಗಾಡಿ ಬಂದರೆ ಹಿಂದಿಯೂ ಬರುತ್ತದೆ.

ಕುಂಬಳೆ ಮಾಷ್

ಉಪ್ಪಳದವರು ತಮಾಷೆಗೆ ಹೇಳಿದ್ದಾದರೂ ಇಡೀ ಸಮಸ್ಯೆ ಅದೇ. ಆದರೆ ಅದಕ್ಕೂ ಮೊದಲು ಎರಡು ಮಾತು.

ಟೀಚರ್, ನೀವು "ಸಾಬೀತು ಮಾಡಬೇಕು" ಅಂತ ಹೊರಟಿದ್ದೀರಿ. ಅದು ವಕೀಲರ ಕೆಲಸ. ಸಂಶೋಧನೆಯಲ್ಲಿ ಊಹೆ ಸೋಲುವುದಕ್ಕೂ ದಾರಿ ಬಿಟ್ಟಿರಬೇಕು. ಎಂಥ ಫಲಿತಾಂಶ ಬಂದರೆ "ನನ್ನ ಊಹೆ ಸರಿಯಿಲ್ಲ" ಅಂತ ಒಪ್ಪುತ್ತೀರಿ? ಅದನ್ನು ಮಕ್ಕಳ ಹತ್ತಿರ ಹೋಗುವ ಮೊದಲೇ ಬರೆದಿಡಿ. ಬರೆಯಲು ಆಗದಿದ್ದರೆ ಅದು ಹೈಪಾಥಿಸಿಸ್ ಅಲ್ಲ, ಅಭಿಪ್ರಾಯ.

ಎರಡನೆಯದು "ಚುರುಕು". ಚುರುಕನ್ನು ಅಳೆಯುವುದು ಹೇಗೆ? ಓಣಂ ಪರೀಕ್ಷೆಯ ಮಾರ್ಕಿನಲ್ಲಿ ಟ್ಯೂಷನ್ ಇದೆ, ಅಮ್ಮ ಕೂತು ಓದಿಸಿದ್ದು ಇದೆ, ಪೇಪರ್ ತಿದ್ದಿದವರ ಕೈ ಇದೆ. ಜೊತೆಗೆ ಪ್ರಶ್ನೆಪತ್ರಿಕೆಯೇ ಕನ್ನಡದಲ್ಲಿದೆ. ಹಾಗಾಗಿ ನೀವು ಅಳೆಯುವುದು ಚುರುಕನ್ನೋ ಕನ್ನಡವನ್ನೋ ಗೊತ್ತಾಗುವುದಿಲ್ಲ. ಅಳೆಯಲು ಬರುವ ಒಂದು ಸಣ್ಣ ಸಂಗತಿಯನ್ನು ಹಿಡಿಯಿರಿ. ಉದಾಹರಣೆಗೆ ಒಂದು ಸಲ ಕೇಳಿ ಎಷ್ಟು ಅಂಕಿಗಳನ್ನು ಸಾಲಾಗಿ ಹೇಳಬಲ್ಲರು ಎನ್ನುವುದು.

ಮುಳ್ಳೇರಿಯ ಟು ಬೆಂಗಳೂರು

ನಾನು ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಕ್ಕ, ನಿಮ್ಮ ವಿಷಯಕ್ಕೆ ನೂರು ವರ್ಷದ ಚರಿತ್ರೆ ಉಂಟು. ಮೆಥಡ್ ತಪ್ಪಿದರೆ ಏನಾಗುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆ ಕಥೆ ಸಿಗುವುದು ಕಷ್ಟ.

1923ರಲ್ಲಿ ವೇಲ್ಸ್‌ನಲ್ಲಿ ಸೇರ್ ಅನ್ನುವವರು ಸುಮಾರು 1,400 ಮಕ್ಕಳಿಗೆ ಬುದ್ಧಿ ಪರೀಕ್ಷೆ ಕೊಟ್ಟರು. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬರುವ ಹಳ್ಳಿಯ ಮಕ್ಕಳು ಹಿಂದೆ ಬಿದ್ದರು. ಎರಡು ಭಾಷೆಯಿಂದ ಮಕ್ಕಳ ತಲೆ ಗೊಂದಲವಾಗುತ್ತದೆ ಅನ್ನುವ ಮಾತಿಗೆ ಇದು ಆಧಾರವಾಯಿತು. ಆದರೆ ಅದೇ ಅಧ್ಯಯನದಲ್ಲಿ ಪೇಟೆಯ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಿಸಲೇ ಇಲ್ಲ! ಭಾಷೆಯೇ ಕಾರಣವಾಗಿದ್ದರೆ ಪೇಟೆಯಲ್ಲೂ ಕಾಣಬೇಕಿತ್ತು ಅಲ್ವಾ?

1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ತೆಗೆದುಕೊಂಡರು. ಮನೆಯ ಆರ್ಥಿಕ ಸ್ಥಿತಿ ಒಂದೇ ರೀತಿ ಇರುವಂತೆ ನೋಡಿಕೊಂಡರು. ಈ ಸಲ ಎರಡು ಭಾಷೆಯವರೇ ಮುಂದೆ. ಕಥೆ ಪೂರ್ತಿ ತಿರುಗಿತು. ಆದರೆ ಇದರಲ್ಲೂ ಒಂದು ತೊಡಕು ಉಂಟು. ಎರಡೂ ಭಾಷೆ ಚೆನ್ನಾಗಿ ಬರುವ ಮಕ್ಕಳನ್ನು ಮಾತ್ರ ಎರಡು ಭಾಷೆಯವರು ಅಂತ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅರ್ಧಂಬರ್ಧ ಬರುವವರನ್ನು ಬಿಟ್ಟಿದ್ದರು. ಹತ್ತು ವರ್ಷಕ್ಕೇ ಎರಡನೇ ಭಾಷೆಯಲ್ಲಿ ಪಳಗಿದ ಮಗು ಮೊದಲೇ ಚುರುಕಾಗಿದ್ದಿರಬಹುದು. ಭಾಷೆಯಿಂದ ಬುದ್ಧಿ ಬಂತೋ, ಬುದ್ಧಿಯಿಂದ ಭಾಷೆ ಬಂತೋ? ಎರಡು ಸಂಗತಿ ಜೊತೆಗೇ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅನ್ನಲು ಬರುವುದಿಲ್ಲ. ಪುಸ್ತಕದಲ್ಲಿ ಇದು ಒಂದು ಸಾಲು. ನಿಮ್ಮ ಡೆಸರ್ಟೇಶನ್‌ನಲ್ಲಿ ಇದೇ ಮುಖ್ಯ ಪ್ರಶ್ನೆ.

ಉಪ್ಪಳ ಎಕ್ಸ್‌ಪ್ರೆಸ್

ಹಾಗಾದರೆ ಹಲವು ಭಾಷೆ ಮಾತಾಡಿದರೆ ಮರೆವಿನ ಕಾಯಿಲೆ ತಡವಾಗಿ ಬರುತ್ತದೆ ಅಂತ ಪೇಪರಿನಲ್ಲಿ ಓದಿದ್ದು ಸುಳ್ಳಾ? ಹೈದರಾಬಾದಿನಲ್ಲಿ ಕಂಡುಹಿಡಿದದ್ದು ಅಂತ ಇತ್ತು.

ಮುಳ್ಳೇರಿಯ ಟು ಬೆಂಗಳೂರು

ಸುಳ್ಳಲ್ಲ ಅಣ್ಣ, ಒಳ್ಳೆಯ ಅಧ್ಯಯನವೇ. ಸುವರ್ಣ ಅಲ್ಲಾಡಿ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ್ದು. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದರು. ಒಂದಕ್ಕಿಂತ ಜಾಸ್ತಿ ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಇಲ್ಲದವರಲ್ಲೂ ವ್ಯತ್ಯಾಸ ಕಂಡಿತು. ಹಾಗಾಗಿ "ಇದು ಬರೀ ಶಿಕ್ಷಣದ ಪರಿಣಾಮ" ಅಂತ ತಳ್ಳಿಹಾಕಲು ಆಗುವುದಿಲ್ಲ. ಆದರೂ ಅಲ್ಲಿ ಯಾರಿಗೂ ಯಾರೂ ಭಾಷೆ ಹಂಚಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡಿದ್ದು ಅಷ್ಟೆ.

ಮಕ್ಕಳ ವಿಷಯದಲ್ಲಿ ಚಿತ್ರ ಬೇರೆ. ಅಮೆರಿಕದ 9, 10 ವರ್ಷದ 4,524 ಮಕ್ಕಳ ಮಾಹಿತಿ ಇಟ್ಟುಕೊಂಡು 2019ರಲ್ಲಿ ಒಂದು ಅಧ್ಯಯನ ಬಂತು. ಗಮನ ಹಿಡಿಯುವ, ತಪ್ಪು ಉತ್ತರಕ್ಕೆ ಹೋಗದೆ ತಡೆಯುವ ಪರೀಕ್ಷೆಗಳಲ್ಲಿ ಎರಡು ಭಾಷೆಯ ಮಕ್ಕಳಿಗೆ ಯಾವ ಮೇಲುಗೈಯೂ ಕಾಣಲಿಲ್ಲ. ಅದಕ್ಕೂ ಮೊದಲೇ 2015ರಲ್ಲಿ ಡಿ ಬ್ರುಯ್ನ್ ಮತ್ತು ಇತರರು ಸಮ್ಮೇಳನಗಳಲ್ಲಿ ಮಂಡಿಸಿದ 104 ಸಾರಾಂಶಗಳ ಬೆನ್ನು ಹಿಡಿದಿದ್ದರು. ಎರಡು ಭಾಷೆಯಿಂದ ಲಾಭ ಅಂತ ತೋರಿಸಿದವೇ ಜಾಸ್ತಿ ಪ್ರಕಟವಾಗಿದ್ದವು. ಏನೂ ಸಿಗದವು ಮೇಜಿನ ಡ್ರಾಯರ್‌ನಲ್ಲೇ ಉಳಿದವು. ನಾವು ಪೇಪರಿನಲ್ಲಿ ಓದುವುದು ಡ್ರಾಯರ್‌ನಿಂದ ಹೊರಗೆ ಬಂದದ್ದನ್ನು ಮಾತ್ರ.

ನೀರ್ಚಾಲು ತೋಟ

ನಾನು ಅಡಿಕೆಯವ, ಸೈಕಾಲಜಿ ಗೊತ್ತಿಲ್ಲ. ಆದರೆ ಪ್ರಯೋಗದ ಪ್ಲಾಟ್ ಗೊತ್ತು. ಗೊಬ್ಬರ ಪರೀಕ್ಷೆ ಮಾಡುವಾಗ ಯಾವ ಸಾಲಿಗೆ ಯಾವ ಗೊಬ್ಬರ ಅಂತ ಮನಸ್ಸಿಗೆ ಬಂದ ಹಾಗೆ ಹಾಕುವುದಿಲ್ಲ. ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಇಲ್ಲದಿದ್ದರೆ ತೋಡಿನ ಬದಿಯ ಗಿಡಕ್ಕೆಲ್ಲ ಒಂದೇ ಗೊಬ್ಬರ ಬಿದ್ದು, ನೀರಿನ ಗುಣ ಗೊಬ್ಬರದ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳನ್ನೂ ಹಾಗೆ ಚೀಟಿ ಎತ್ತಿ ಹಂಚಬಹುದಾ?

ಕುಂಬಳೆ ಮಾಷ್

ನೀರ್ಚಾಲು ಭಟ್ರೇ, ನೀವು ಸರಿಯಾದ ಜಾಗಕ್ಕೇ ಬಂದಿರಿ. ಈ ಚೀಟಿ ಎತ್ತುವ ಪದ್ಧತಿ ಸೈಕಾಲಜಿಗೆ ಬಂದದ್ದರಲ್ಲಿ ಹೊಲದ ಪಾಲು ದೊಡ್ಡದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಇದನ್ನು ಬೆಳೆಸಿದ್ದು. ನಮ್ಮ ಕಾಸರಗೋಡಿನಲ್ಲಿ 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು, ಈಗಿನ ಸಿ.ಪಿ.ಸಿ.ಆರ್.ಐ. ಅಂಥ ಕೇಂದ್ರಗಳ ಪ್ಲಾಟುಗಳ ಹಿಂದೆ ಇರುವ ಲೆಕ್ಕ ಇದೇ.

ಆದರೆ ಮಗುವಿನ ಮನೆಭಾಷೆಯನ್ನು ಚೀಟಿ ಎತ್ತಿ ಕೊಡಲು ಆಗುವುದಿಲ್ಲ. "ನೀನು ಇವತ್ತಿನಿಂದ ಮಲಯಾಳ ಮರೆತುಬಿಡು" ಅನ್ನಲು ಆಗುತ್ತದಾ? ಹಾಗಾಗಿ ಟೀಚರ್ ಅವರ ಮೊದಲ ಪ್ಲಾನ್ ಪ್ರಯೋಗ ಅಲ್ಲವೇ ಅಲ್ಲ. ಮೊದಲೇ ಬೇರೆಬೇರೆಯಾಗಿರುವ ಗುಂಪುಗಳ ಹೋಲಿಕೆ. ಮಾಡಬಾರದು ಅಂತಲ್ಲ. ಆದರೆ ಗುಂಪುಗಳ ನಡುವೆ ಇನ್ನೇನೆಲ್ಲ ವ್ಯತ್ಯಾಸ ಉಂಟು ಅಂತ ಅಳೆದಿಡಬೇಕು. ಮನೆಯ ಸ್ಥಿತಿಗೆ ರೇಷನ್ ಕಾರ್ಡಿನ ಬಣ್ಣ ಕೇಳಬಹುದು: ತೀರಾ ಬಡವರಿಂದ ಅನುಕೂಲಸ್ಥರವರೆಗೆ ಕ್ರಮವಾಗಿ ಹಳದಿ, ಗುಲಾಬಿ, ನೀಲಿ, ಬಿಳಿ. ಒರಟು ಅಳತೆ, ಆದರೂ ಸಂಬಳ ಕೇಳುವುದಕ್ಕಿಂತ ಸುಲಭ.

ಪೈವಳಿಕೆ ಟೀಚರ್

ಒಂದು ಉಪಾಯ ಹೊಳೆಯಿತು. ಒಂದೇ ಭಾಷೆಯ ಮಕ್ಕಳು ಇಲ್ಲಿ ಸಿಗದಿದ್ದರೆ ತೆಂಕು ಭಾಗಕ್ಕೆ ಹೋಗಬಹುದಲ್ಲ? ಚೆರ್ವತ್ತೂರು, ತೃಕ್ಕರಿಪುರದಲ್ಲಿ ಮಲಯಾಳ ಮಾತ್ರ ಮಾತಾಡುವ ಮಕ್ಕಳು ಇರುತ್ತಾರೆ. ಅವರು ಕಂಟ್ರೋಲ್ ಗ್ರೂಪ್. ಜಿಲ್ಲೆ ಅದೇ, ಸಿಲೆಬಸ್ಸೂ ಅದೇ.

ಪೆರ್ಲದ ಸಿಸ್ಟರ್

ಟೀಚರ್, ಕಂಟ್ರೋಲ್ ಗ್ರೂಪ್ ಅಂದರೆ ಸುಮ್ನೆ "ಇನ್ನೊಂದು ಊರಿನವರು" ಅಲ್ಲ. ನಾವು ಪರೀಕ್ಷಿಸುವ ಆ ಒಂದು ಸಂಗತಿ ಬಿಟ್ಟು ಉಳಿದದ್ದರಲ್ಲಿ ನಮ್ಮ ಗುಂಪಿನ ಹಾಗೇ ಇರುವವರು. ನಮ್ಮ ಎಣ್ಮಕಜೆಯ ಪಡ್ರೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ನಡೆದ ಅಧ್ಯಯನ ನೆನಪು ಮಾಡಿಕೊಳ್ಳಿ. 2003ರಲ್ಲಿ ಪ್ರಕಟವಾದದ್ದು. ಗೇರು ತೋಟದ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆಗೆ ಒಳಗಾಗದ 90 ಹುಡುಗರ ಜೊತೆ ಹೋಲಿಸಿದರು. ಅವರು ನೋಡಿದ್ದು ಹುಡುಗರ ದೈಹಿಕ ಬೆಳವಣಿಗೆಯನ್ನು. ಅಂಥ ಬೆಳವಣಿಗೆ ವಯಸ್ಸಿನಿಂದಲೇ ಬದಲಾಗುತ್ತದೆ. ಒಂದು ಗುಂಪಿನಲ್ಲಿ ದೊಡ್ಡವರು ಜಾಸ್ತಿ ಇದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ. ಅದಕ್ಕೇ ವಯಸ್ಸಿನ ಪರಿಣಾಮವನ್ನು ಕಳೆದು ನೋಡಿದರು. ನಿಮ್ಮ ಚೆರ್ವತ್ತೂರು ಗುಂಪಿನಲ್ಲಿ ಭಾಷೆಯ ಜೊತೆಗೆ ಮಾಧ್ಯಮ ಬೇರೆ, ಶಾಲೆ ಬೇರೆ, ಟೀಚರ್ ಬೇರೆ. ಯಾವುದನ್ನೆಲ್ಲ ಕಳೆಯುತ್ತೀರಿ?

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಜನರಿಗೆ ಸರ್ವೆ ಅಂದರೆ ಸಾಕುಸಾಕಾಗಿದೆ. ಫಾರಂ ತುಂಬಿಸಿಕೊಂಡು ಹೋದವರಲ್ಲಿ ತಿರುಗಿ ಬಂದು "ಇದು ಸಿಕ್ಕಿತು" ಅಂತ ಹೇಳಿದವರು ಕಡಿಮೆ. ನಿಮ್ಮದು ಸಣ್ಣ ಕೆಲಸ ಇರಬಹುದು. ಆದರೂ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಇರಲಿ. ಮಗುವನ್ನೂ ಬೇರೆಯಾಗಿ ಕೇಳಿ. ಅಪ್ಪ ಸಹಿ ಹಾಕಿದ ಮೇಲೂ ಮಗು "ನನಗೆ ಬೇಡ" ಅಂದರೆ ಬೇಡ. ನೀವು ಅವರ ಟೀಚರ್ ಆದ್ದರಿಂದ "ಬೇಡ" ಅನ್ನಲು ಮಗುವಿಗೆ ಹೆದರಿಕೆ ಆಗುತ್ತದೆ. ಅದಕ್ಕೆ ಕೇಳುವವರು ಬೇರೆ ಯಾರಾದರೂ ಆದರೆ ಒಳ್ಳೆಯದು. ಹೆಸರಿನ ಬದಲು ನಂಬರ್ ಹಾಕಿ.

ಮುಳ್ಳೇರಿಯ ಟು ಬೆಂಗಳೂರು

ಅಕ್ಕ, ಎರಡು ಗುಂಪು ಅನ್ನುವ ಆಲೋಚನೆಯನ್ನೇ ಬಿಟ್ಟುಬಿಡಿ. ಒಂದೇ ಭಾಷೆಯ ಮಗು ಇಲ್ಲಿ ಸಿಗುವುದಿಲ್ಲ ಅಂದರೆ ಆ ಪ್ರಶ್ನೆ ನಮ್ಮ ಊರಿನದ್ದಲ್ಲ. ಮಗುವನ್ನು ಅದೇ ಮಗುವಿನ ಜೊತೆ ಹೋಲಿಸಿ.

ಪಕ್ಕದ ತಮಿಳುನಾಡಿನಲ್ಲಿ ಹೀಗೆ ಮಾಡಿದ ಒಂದು ಹೆಸರುವಾಸಿ ಅಧ್ಯಯನ ಉಂಟು. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 54 ಹಳ್ಳಿಗಳ 464 ಕಬ್ಬು ಬೆಳೆಗಾರರು. ಕಟಾವಿಗೆ ಮೊದಲು ಕೈಯಲ್ಲಿ ಕಾಸಿಲ್ಲ, ಕಟಾವಾದ ಮೇಲೆ ಕಾಸು ಬರುತ್ತದೆ. ಅದೇ ರೈತನಿಗೆ ಎರಡೂ ಸಮಯದಲ್ಲಿ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಕಾಸು ಬಂದ ಮೇಲೆ ಚೆನ್ನಾಗಿ ಮಾಡಿದರು. ಬಡವನನ್ನು ಶ್ರೀಮಂತನ ಜೊತೆ ಹೋಲಿಸಿದ್ದರೆ ಓದು, ಊಟ, ಜಾತಿ ಎಲ್ಲ ಅಡ್ಡ ಬರುತ್ತಿತ್ತು. ಇಲ್ಲಿ ಮನುಷ್ಯ ಅವನೇ.

ನನಗೆ ಇದರಲ್ಲಿ ಇಷ್ಟವಾದದ್ದು ಅವರು ತಮ್ಮ ಮೇಲೆಯೇ ಎತ್ತಿಕೊಂಡ ಆಕ್ಷೇಪಗಳು. ಎರಡನೇ ಸಲ ಚೆನ್ನಾಗಿ ಮಾಡಿದ್ದು ಕಾಸಿನಿಂದಲೋ, ಮೊದಲ ಸಲದ ಅಭ್ಯಾಸದಿಂದಲೋ? ಅದಕ್ಕೆ ಕೆಲವು ರೈತರನ್ನು ಮೊದಲೇ ಬದಿಗಿಟ್ಟು, ಕಟಾವಿನ ನಂತರ ಮಾತ್ರ ಪರೀಕ್ಷಿಸಿದರು. ಇವರಿಗೆ ಅಭ್ಯಾಸ ಇಲ್ಲ, ಆದರೆ ಕಾಸು ಬಂದಿದೆ. ಹವಾಮಾನವೋ ಹಬ್ಬವೋ ಕಾರಣ ಇರಬಹುದಲ್ಲ? ಅದಕ್ಕೂ ಉತ್ತರ ಇತ್ತು. ಸಕ್ಕರೆ ಕಾರ್ಖಾನೆಗಳು ಎಲ್ಲರಿಗೂ ಒಂದೇ ದಿನ ಕಟಾವು ಕೊಡುವುದಿಲ್ಲ. ಒಬ್ಬನಿಗೆ ಕಟಾವಿಗೆ ಮೊದಲಿನ ತಿಂಗಳು ಇನ್ನೊಬ್ಬನಿಗೆ ಕಟಾವಿನ ನಂತರದ್ದು. ಇಷ್ಟಾದರೂ ಅಭ್ಯಾಸದ ಪ್ರಶ್ನೆ ಎತ್ತಿದ ವಿಮರ್ಶಕರು ಇದ್ದರು. ಇರಲಿ.

ನಿಮ್ಮ ಮಕ್ಕಳಿಗೆ ಹೀಗೆ ಮಾಡಬಹುದು. ಮನೆಯಲ್ಲಿ ತುಳು ಆಡುವ ಮಕ್ಕಳನ್ನು ತೆಗೆದುಕೊಳ್ಳಿ. ಮಾಷ್ ಹೇಳಿದ ಅಂಕಿ ನೆನಪಿನ ಪರೀಕ್ಷೆಯನ್ನು ಒಂದು ದಿನ ತುಳುವಿನಲ್ಲಿ, ಇನ್ನೊಂದು ದಿನ ಕನ್ನಡದಲ್ಲಿ ಕೊಡಿ. ಯಾರಿಗೆ ಯಾವುದು ಮೊದಲು ಅಂತ ಭಟ್ರ ಹಾಗೆ ಚೀಟಿ ಎತ್ತಿ. ಅರ್ಧ ಮಕ್ಕಳಿಗೆ ತುಳು ಮೊದಲು, ಅರ್ಧಕ್ಕೆ ಕನ್ನಡ ಮೊದಲು. ಆಗ ಅಭ್ಯಾಸದ ಲಾಭ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ. ಭಾಷೆ ನೀವು ಬದಲಿಸುವ ಸಂಗತಿ, ಅದು ಇಂಡಿಪೆಂಡೆಂಟ್ ವೇರಿಯಬಲ್. ಮಗು ಸರಿಯಾಗಿ ಹೇಳಿದ ಅಂಕಿಗಳ ಉದ್ದ ಡಿಪೆಂಡೆಂಟ್. ಈಗ ಇದು ನಿಜವಾದ ಪ್ರಯೋಗ.

ನೀರ್ಚಾಲು ತೋಟ

ಒಂಜಿ, ರಡ್ಡ್, ಮೂಜಿ, ನಾಲ್, ಐನ್. ತುಳುವಿನ ಅಂಕಿ ಗಿಡ್ಡ. ಒಂದು, ಎರಡು, ಮೂರು, ನಾಲ್ಕು ಅನ್ನಲು ಬಾಯಿಗೆ ಜಾಸ್ತಿ ಕೆಲಸ. ತುಳುವಿಗೆ ಮೋಸದ ಲಾಭ ಸಿಗುವುದಿಲ್ವಾ?

ಮುಳ್ಳೇರಿಯ ಟು ಬೆಂಗಳೂರು

ಭಟ್ರೇ, 1980ರಲ್ಲಿ ಎಲ್ಲಿಸ್ ಮತ್ತು ಹೆನೆಲಿ ವೇಲ್ಸ್‌ನಲ್ಲಿ ಹಿಡಿದದ್ದು ಇದನ್ನೇ! ವೆಲ್ಷ್ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ಎರಡೂ ಭಾಷೆ ಬರುವವರಿಗೇ ವೆಲ್ಷ್‌ನಲ್ಲಿ ಕಡಿಮೆ ಅಂಕಿ ನೆನಪಿರುತ್ತಿತ್ತು. ಅಂದರೆ ಬುದ್ಧಿ ಪರೀಕ್ಷೆಯ ಒಂದು ಭಾಗದಲ್ಲಿ ವೆಲ್ಷ್ ಮಕ್ಕಳು ಹಿಂದೆ ಬಿದ್ದದ್ದು ನೆನಪಿನ ಕೊರತೆಯಿಂದ ಅಲ್ಲದೆ ಅಂಕಿಗಳ ಉದ್ದದಿಂದ ಇರಬಹುದು. ಒಂದು ಪರೀಕ್ಷೆ ಪ್ರತಿ ಸಲವೂ ಒಂದೇ ಮಾರ್ಕು ಕೊಡಬಹುದು. ಆದರೆ ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ರಿಲಯಬಿಲಿಟಿ ಮತ್ತು ವ್ಯಾಲಿಡಿಟಿ ಅಂತ ಪುಸ್ತಕದಲ್ಲಿ ಬೇರೆಬೇರೆ ಪಾಠ ಇರುವುದು ಅದಕ್ಕೆ.

ಹಾಗಾಗಿ ಅಕ್ಕ, ಎರಡೂ ಭಾಷೆಯಲ್ಲಿ ಒಂದರಿಂದ ಒಂಬತ್ತು ಬೇಗ ಬೇಗ ಹೇಳಿಸಿ, ಫೋನಿನ ಸ್ಟಾಪ್‌ವಾಚ್‌ನಲ್ಲಿ ಹೊತ್ತನ್ನೂ ಬರೆದುಕೊಳ್ಳಿ. ನಿಮ್ಮ ಅಧ್ಯಯನದ ಅತ್ಯಂತ ಕುತೂಹಲದ ಭಾಗ ಅದೇ ಆಗಬಹುದು.

ಉಪ್ಪಳ ಎಕ್ಸ್‌ಪ್ರೆಸ್

ಈಗಿನ ಮಕ್ಕಳು ಫೋನ್ ನಂಬರ್ ಹೇಳುವುದು ಇಂಗ್ಲಿಷಿನಲ್ಲೇ. ತುಳುವಿನಲ್ಲಿ ಹತ್ತರವರೆಗೆ ಎಣಿಸಲು ಬರುವವರು ಎಷ್ಟು ಮಂದಿ ಅಂತ ಮೊದಲು ನೋಡಿ. ಅದಿರಲಿ, ನಮ್ಮ ಬ್ಯಾರಿ ಮಕ್ಕಳನ್ನು ಯಾಕೆ ಬಿಟ್ಟಿರಿ? 😀

ಕುಂಬಳೆ ಮಾಷ್

ಮೊದಲ ಮಾತು ಪಕ್ಕಾ. ಅದಕ್ಕೇ ಅಸಲು ಕೆಲಸಕ್ಕೆ ಮೊದಲು ನಾಲ್ಕೈದು ಮಕ್ಕಳ ಜೊತೆ ಪೈಲಟ್, ಅಂದರೆ ಸಣ್ಣ ಪ್ರಮಾಣದಲ್ಲಿ ಒಂದು ಟ್ರಯಲ್ ಮಾಡಬೇಕು. ಎಣಿಸಲು ಬಾರದ ಮಕ್ಕಳನ್ನು ಸೇರಿಸಬೇಕೋ ಬೇಡವೋ ಅನ್ನುವ ನಿಯಮವನ್ನೂ ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ನಿಯಮ ಬರೆದರೆ ನಮಗೆ ಬೇಕಾದ ಮಕ್ಕಳೇ ಉಳಿಯುತ್ತಾರೆ.

ಬ್ಯಾರಿ, ಹವ್ಯಕ, ಮರಾಠಿ, ಕೊಂಕಣಿ ಎಲ್ಲ ಸೇರಿಸಿದರೆ ಒಂದೊಂದರಲ್ಲೂ ನಾಲ್ಕು ಮಕ್ಕಳು ಸಿಗುತ್ತಾರೆ, ಏನೂ ಹೇಳಲಾಗದು. ತುಳು ಮಾತ್ರ ತೆಗೆದುಕೊಂಡರೆ ಫಲಿತಾಂಶವೂ ಆ ಮಕ್ಕಳ ಬಗ್ಗೆ ಮಾತ್ರ. ಸೈಕಾಲಜಿಗೆ ಇದೇ ದೊಡ್ಡ ಕಾಯಿಲೆ. ಮುಖ್ಯ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96ರಷ್ಟು ಮಂದಿ, ಪ್ರಪಂಚದ ಶೇ. 12ರಷ್ಟು ಜನ ಇರುವ ದೇಶಗಳವರು ಅಂತ 2010ರಲ್ಲಿ ಹೆನ್ರಿಕ್ ಮತ್ತು ಜೊತೆಗಾರರು ತೋರಿಸಿದರು. ಅವರನ್ನು ನೋಡಿ "ಮನುಷ್ಯನ ಮನಸ್ಸು ಹೀಗೆ" ಅಂತ ಬರೆದದ್ದು.

ಸಂಖ್ಯೆಯ ಲೆಕ್ಕ ಕೇಳಿ, ಖುಷಿಯಾಗುತ್ತದೆ. ಮಧ್ಯಮ ಗಾತ್ರದ ವ್ಯತ್ಯಾಸವನ್ನು ನೂರರಲ್ಲಿ 80 ಸಲ ಹಿಡಿಯಬೇಕು ಅಂದರೆ ಬೇರೆಬೇರೆ ಎರಡು ಗುಂಪಿಗೆ ತಲಾ 64 ಮಕ್ಕಳು ಬೇಕು. ವ್ಯತ್ಯಾಸ ಸಣ್ಣದಾದರೆ ತಲಾ ಹತ್ತಿರಹತ್ತಿರ 400. ನಿಮ್ಮ ಮೊದಲ ಪ್ಲಾನಿನ 15 ಮತ್ತು 15 ಏನಕ್ಕೂ ಸಾಲುತ್ತಿರಲಿಲ್ಲ. ಅದೇ ಮಗುವನ್ನು ಎರಡು ಸಲ ಅಳೆಯುವ ವಿಧಾನದಲ್ಲಿ ಮಧ್ಯಮ ವ್ಯತ್ಯಾಸಕ್ಕೆ 34 ಮಕ್ಕಳು ಸಾಕು. ಎರಡು ಡಿವಿಷನ್ ಸೇರಿಸಿದರೆ ಮುಗಿಯಿತು.

ಪೈವಳಿಕೆ ಟೀಚರ್

34 ಆದರೆ ಸಿಗುತ್ತಾರೆ ಮಾಷೆ! ಪರೀಕ್ಷೆ ನಾನೇ ತೆಗೆದುಕೊಳ್ಳಬಹುದಲ್ಲ? ಮತ್ತೆ, ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ನನ್ನ ಊಹೆ 95 ಶೇಕಡ ನಿಜ ಅಂತ ಬರೆಯಬಹುದಾ?

ಮುಳ್ಳೇರಿಯ ಟು ಬೆಂಗಳೂರು

ಎರಡಕ್ಕೂ ಬೇಡ.

1963ರಲ್ಲಿ ರೋಸೆಂತಾಲ್ ಮತ್ತು ಫೋಡ್ ವಿದ್ಯಾರ್ಥಿಗಳ ಕೈಗೆ ಇಲಿಗಳನ್ನು ಕೊಟ್ಟರು. ಕೆಲವರಿಗೆ ಇವು ಜಾಣ ತಳಿ, ಕೆಲವರಿಗೆ ಇವು ದಡ್ಡ ತಳಿ ಅಂತ ಹೇಳಿದರು. ಇಲಿಗಳೆಲ್ಲ ಒಂದೇ ಥರದವು. ಆದರೂ "ಜಾಣ" ಇಲಿಗಳೇ ಚೆನ್ನಾಗಿ ದಾರಿ ಕಲಿತವು. ಯಾರೂ ಬೇಕಂತ ಮೋಸ ಮಾಡಿರಲಿಲ್ಲ. ಇಲಿಗೇ ಹೀಗಾದರೆ, ನೀವು ಆಸೆಯಿಂದ ಮುಖ ನೋಡುವಾಗ ಮಗು ಇನ್ನೊಂದು ಅಂಕಿ ನೆನಪು ಮಾಡಿಕೊಳ್ಳದೆ ಇರುತ್ತದಾ? ಅಂಕಿಗಳನ್ನು ಮೊದಲೇ ರೆಕಾರ್ಡ್ ಮಾಡಿ, ಸೆಕೆಂಡಿಗೆ ಒಂದರಂತೆ ಫೋನಿನಿಂದ ಕೇಳಿಸಿ. ನಿಮ್ಮ ಊಹೆ ಗೊತ್ತಿಲ್ಲದ, ಎರಡೂ ಭಾಷೆ ಬರುವ ಇನ್ನೊಬ್ಬರು ಬರೆದುಕೊಳ್ಳಲಿ.

ಪಿ ವ್ಯಾಲ್ಯೂ: ತುಳುವಿಗೂ ಕನ್ನಡಕ್ಕೂ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಸುಮ್ನೆ ಏರುಪೇರಿನಿಂದ ಇಷ್ಟು ದೊಡ್ಡ ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು? ಆ ಸಂಖ್ಯೆ ಅದು. ನಿಮ್ಮ ಊಹೆ ನಿಜವಾಗಿರುವ ಸಾಧ್ಯತೆ ಅಲ್ಲ.

ಕುಂಬಳೆ ಮಾಷ್

ಫಿಶರ್ ಇದಕ್ಕೆ ಚಹಾದ ಉದಾಹರಣೆ ಕೊಟ್ಟಿದ್ದಾರೆ. ಹಾಲು ಮೊದಲು ಹಾಕಿದ್ದಾ, ಚಹಾ ಮೊದಲು ಹಾಕಿದ್ದಾ ಅಂತ ರುಚಿಯಲ್ಲೇ ಹೇಳುತ್ತೇನೆ ಅಂತ ಒಬ್ಬ ಹೆಂಗಸು. ಎಂಟು ಕಪ್ಪು, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ನೆ ಅಂದಾಜಿಗೆ ಎಂಟೂ ಸರಿ ಹೇಳುವ ಸಾಧ್ಯತೆ 70ರಲ್ಲಿ 1. ಅಷ್ಟು ಕಡಿಮೆ ಅಂದರೆ ಅಂದಾಜು ಅನ್ನುವುದು ಕಷ್ಟ, ಅಷ್ಟೆ. ಅವಳ ನಾಲಗೆಗೆ ಸರ್ಟಿಫಿಕೇಟ್ ಅಲ್ಲ.

2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ. 97ರಷ್ಟು ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದು ಗೆರೆ ದಾಟಿದ್ದವು. ಎರಡನೇ ಸಲ ದಾಟಿದ್ದು ಶೇ. 36 ಮಾತ್ರ. ಒಂದು ಸಲ ಗೆರೆ ದಾಟಿದ್ದಕ್ಕೆ ಪಟಾಕಿ ಹೊಡೆಯುವುದು ಬೇಡ. ಅದರಲ್ಲೂ ಇಪ್ಪತ್ತು ಹೋಲಿಕೆ ಮಾಡಿ, ಗೆರೆ ದಾಟಿದ ಒಂದನ್ನು ಮಾತ್ರ ಬರೆಯುವವರನ್ನು ನಾನು ನಂಬುವುದಿಲ್ಲ.

ಪೈವಳಿಕೆ ಟೀಚರ್

ಹಾಗಾದರೆ ಗೈಡಿಗೆ ಕೊಡುವುದು ಹೀಗೆ. ಪ್ರಶ್ನೆ: ತುಳು ಮನೆಭಾಷೆಯ, ಕನ್ನಡ ಮಾಧ್ಯಮದ ಮಕ್ಕಳಿಗೆ ಅಂಕಿ ನೆನಪು ಯಾವ ಭಾಷೆಯಲ್ಲಿ ಕೇಳಿದರೆ ಜಾಸ್ತಿ? ಐದರಿಂದ ಏಳನೇ ಕ್ಲಾಸು, ಕನಿಷ್ಠ 34 ಮಕ್ಕಳು. ಯಾರಾದರೂ ಎರಡನೇ ದಿನ ರಜೆ ಹಾಕಿದರೆ ಅಂತ 40 ಮಂದಿಗೆ ಒಪ್ಪಿಗೆ ಚೀಟಿ ಕಳಿಸುತ್ತೇನೆ. ಕ್ರಮ ಚೀಟಿ ಎತ್ತಿ. ರೆಕಾರ್ಡಿಂಗ್‌ನಿಂದ ಪರೀಕ್ಷೆ, ಬರೆದುಕೊಳ್ಳುವುದು ನಮ್ಮ ಹೊಲಿಗೆ ಟೀಚರ್. ಅವರಿಗೆ ತುಳು ಚೆನ್ನಾಗಿ ಬರುತ್ತದೆ, ನನ್ನ ಊಹೆ ಗೊತ್ತಿಲ್ಲ. ಎರಡು ಭಾಷೆಗೆ ಬೇರೆಬೇರೆ ಅಂಕಿ ಪಟ್ಟಿ. ವ್ಯತ್ಯಾಸ ಬಾರದಿದ್ದರೂ ಹಾಗೆಯೇ ಬರೆಯುತ್ತೇನೆ. ಮುಗಿದ ಮೇಲೆ ಪಿ.ಟಿ.ಎ. ಮೀಟಿಂಗಿನಲ್ಲಿ ಫಲಿತಾಂಶ ಹೇಳುತ್ತೇನೆ ಸಿಸ್ಟರ್.

ಬುಧವಾರ, ಗುರುವಾರ ಕೊನೆಯ ಪಿರಿಯಡ್‌ನಲ್ಲಿ ಇಟ್ಟುಕೊಳ್ಳಲಾ? ಆಗ ಹೊಲಿಗೆ ಟೀಚರ್‌ಗೆ ಬಿಡುವು.

ಪೆರ್ಲದ ಸಿಸ್ಟರ್

ಒಪ್ಪಿಗೆ ಚೀಟಿಯಲ್ಲಿ "ಮಾರ್ಕಿಗೂ ಇದಕ್ಕೂ ಸಂಬಂಧವಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಕನ್ನಡ ಓದಲು ಬಾರದ ತಾಯಂದಿರಿಗೆ ಮಲಯಾಳದಲ್ಲೂ ಇರಲಿ.

ಕುಂಬಳೆ ಮಾಷ್

ಎರಡೂ ದಿನ ಒಂದೇ ಪಿರಿಯಡ್ ಇಟ್ಟದ್ದು ಒಳ್ಳೆಯದಾಯಿತು. ಆದರೆ ಗುರುವಾರದ ಕೊನೆಯ ಪಿರಿಯಡ್ ಆಟದ್ದಾ ಅಂತ ಟೈಮ್‌ಟೇಬಲ್ ನೋಡಿ. ಆಟದ್ದಾದರೆ ದಿನ ಬದಲಿಸಿ. ಹೊರಗೆ ಚೆಂಡಿನ ಸದ್ದು ಕೇಳುತ್ತಿದ್ದರೆ ಗುರುವಾರದ ಅಂಕಿ ಬುಧವಾರಕ್ಕೆ ಹೋಲಿಸಲು ಸಿಗುವುದಿಲ್ಲ.